ಲಾವಾ ಪದರಗಳ ನಡುವಿನ ಕೆರೆಗಳು

ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಎರೆ ಭೂಮಿಯ ಅಡಿಯಲ್ಲಿರುವ ಕರಿಕಲ್ಲು ಒಂದಾನೊಂದು ಕಾಲದಲ್ಲಿ ಕೆಂಡದ ಹೊಳೆಯಾಗಿ ಹರಿದು ಬಂದದ್ದು. ಗೋಳಗುಮ್ಮಟದ ಗೋಡೆಗಳಿಗೆ ಬಳಸಿದ್ದೂ ಅದೇ ಕಲ್ಲನ್ನು. ಕರ್ನಾಟಕದ ಉತ್ತರದ ಅಂಚಿನಲ್ಲಿ ತೆಳ್ಳಗೆ ಶುರುವಾಗುವ ಈ ಕಲ್ಲಿನ ಹಾಸು ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿ ಮಧ್ಯಪ್ರದೇಶ, ಗುಜರಾತ್, ತೆಲಂಗಾಣಗಳವರೆಗೆ ಚಾಚಿಕೊಂಡಿದೆ. ಸವೆದು ಹೋದದ್ದು ಹೋಗಿ ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಮಹಾಬಲೇಶ್ವರದ ಕಡೆ ಪದರದ ಮೇಲೆ ಪದರ ಕೂತು ದಪ್ಪ 2 ಕಿಲೋಮೀಟರನ್ನೂ ಮೀರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಈ ಡೆಕ್ಕನ್ ಜ್ವಾಲಾಮುಖಿಯ ವಿಷಯ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಒಂದೇ ಚಿತ್ರ ಬರುತ್ತದೆ: ಎಡೆಬಿಡದೆ ಉಕ್ಕುವ ಬೆಂಕಿ, ಹೊಗೆ ಕವಿದ ಆಕಾಶ, ಓಡಲು ದಾರಿ ಕಾಣದ ಡೈನೋಸಾರ್‌ಗಳು. ಪಠ್ಯಪುಸ್ತಕದ ಚಿತ್ರಗಳಲ್ಲೂ ಇದೇ ಇದೆ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಈ ಚಿತ್ರ ಅರ್ಧ ಸತ್ಯ. ಉಳಿದರ್ಧ ಲಾವಾ ಪದರಗಳ ನಡುವೆ ಸಿಕ್ಕಿಕೊಂಡಿರುವ ತೆಳ್ಳನೆಯ ಕೆರೆಗೋಡಿನಲ್ಲಿದೆ. ಬಸವನಹುಳು, ಮೀನಿನ ಹಲ್ಲು, ಜೀರುಂಡೆಯ ರೆಕ್ಕೆ, ನೀರ ಮೇಲೆ ತೇಲುವ ಪುಟ್ಟ ಜರಿಗಿಡ ಇವೆಲ್ಲ ಅಲ್ಲಿ ಕಲ್ಲಾಗಿ ಕೂತಿವೆ. ಆ ಮಹಾಸ್ಫೋಟ ಹೇಗೆ ನಡೆಯಿತು, ಯಾವಾಗ ನಡೆಯಿತು ಎಂಬ ಎರಡೂ ಪ್ರಶ್ನೆಗಳಿಗೆ ನಂಬಲರ್ಹ ಉತ್ತರ ಸಿಕ್ಕಿದ್ದು ಈ ಸಣ್ಣ ಜೀವಗಳಿಂದ.

ಮೊದಲು ಆ ಕೆರೆಗಳು ಹುಟ್ಟಿದ ಬಗೆಯನ್ನು ನೋಡಬೇಕು. ಒಂದು ಲಾವಾ ಹರಿವು ಬಂದು ನಿಂತಾಗ ಅದು ಹಳೆಯ ಕಣಿವೆಗಳನ್ನು ತುಂಬುತ್ತದೆ, ಹಳ್ಳಗಳ ದಾರಿಗೆ ಅಡ್ಡ ಬೀಳುತ್ತದೆ. ತಣಿದ ಮೇಲೆ ಅದರ ಏರುತಗ್ಗುಗಳಲ್ಲಿ ಮಳೆನೀರು ನಿಲ್ಲುತ್ತದೆ. ಕಲ್ಲು ಮಳೆಗೂ ಬಿಸಿಲಿಗೂ ಸವೆದು ಮಣ್ಣಾಗುತ್ತದೆ, ಆ ಮಣ್ಣು ಕೆರೆಯ ತಳ ಸೇರುತ್ತದೆ. ಸವೆಯುವ ಬಸಾಲ್ಟ್ ಮತ್ತು ಜ್ವಾಲಾಮುಖಿಯ ಬೂದಿ ನೀರಿಗೆ ಸಿಲಿಕಾ ಬಿಡುತ್ತವೆ. ಸಿಲಿಕಾ ತುಂಬಿದ ಆ ನೀರು ಸತ್ತ ಗಿಡದ ನಾರಿನೊಳಗೆ ಇಳಿದು, ಜೀವಕೋಶದ ಗೋಡೆಗಳು ಕೊಳೆಯುವ ಮುನ್ನವೇ ಅವುಗಳ ಒಳಗೆ ಗಟ್ಟಿಯಾಗುತ್ತದೆ. ಕೆಸರೆಲ್ಲ ಚಕಮಕಿ ಕಲ್ಲಿನಂಥ ಚರ್ಟ್ ಆಗುತ್ತದೆ. ಆಮೇಲೆ ಇನ್ನೊಂದು ಲಾವಾ ಹರಿವು ಬಂದು ಕೆರೆಯನ್ನು ಮುಚ್ಚಿಬಿಡುತ್ತದೆ. ಹೀಗೆ ಎರಡು ಕಪ್ಪು ಹಾಸುಗಳ ನಡುವೆ ಕೆಲವು ಅಂಗುಲದಿಂದ ಕೆಲವು ಮೀಟರ್ ದಪ್ಪದ ಪದರವೊಂದು ಉಳಿಯುತ್ತದೆ. ಭೂವಿಜ್ಞಾನಿಗಳು ಇದನ್ನು ಇಂಟರ್‌ಟ್ರ್ಯಾಪಿಯನ್ ಪದರ ಎನ್ನುತ್ತಾರೆ. ಇಂಥ ಪದರಗಳು ನಾಗಪುರ, ಛಿಂದವಾಡದ ಕಡೆ ಹೇರಳ. ತೆಲಂಗಾಣದಲ್ಲಿವೆ, ಮುಂಬೈ ನಗರದ ಒಳಗೇ ಇವೆ, ನಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯೂ ಇವೆ.

ಇವುಗಳತ್ತ ಮೊದಲು ಕಣ್ಣು ಹಾಯಿಸಿದವರು ಕಂಪನಿ ಕಾಲದ ಅಧಿಕಾರಿಗಳು ಮತ್ತು ಪಾದ್ರಿಗಳು. ಅವರಲ್ಲೊಬ್ಬರಾದ ಮಾಲ್ಕಮ್‌ಸನ್ ಸಂಗ್ರಹಿಸಿದ ಬಸವನಹುಳುವಿನ ಚಿಪ್ಪೊಂದಕ್ಕೆ 1840ರಲ್ಲಿ ಫೈಸಾ ಪ್ರಿನ್ಸೆಪಿ ಎಂಬ ಹೆಸರು ಬಿತ್ತು. ತುದಿಯನ್ನು ಮೇಲೆ ಮಾಡಿ ಹಿಡಿದರೆ ಎಡಗಡೆಗೆ ಬಾಯಿ ತೆರೆಯುವ ಈ ಚಿಪ್ಪು ಡೆಕ್ಕನ್‌ನ ಲಾವಾ ನಡುವಿನ ಪದರಗಳಲ್ಲಿ ಅದೆಷ್ಟು ಸಾಮಾನ್ಯವೆಂದರೆ, ಅದು ಕಂಡಲ್ಲಿ ಒಂದು ಕಾಲಕ್ಕೆ ಸಿಹಿನೀರು ನಿಂತಿತ್ತು ಎಂದು ಧಾರಾಳವಾಗಿ ಹೇಳಬಹುದು. ಫೈಸಾ ಬಳಗದ ಹುಳುಗಳು ನೀರಲ್ಲಿದ್ದರೂ ಉಸಿರಿಗೆ ಮೇಲೆ ಬರುವಂಥವು. ಆಳವಿಲ್ಲದ, ಪಾಚಿ ಬೆಳೆದ ನೀರು ಅವಕ್ಕೆ ಇಷ್ಟ. ಆ ಮೇಲೆ ಬಂದವರು ಸ್ಟೀಫನ್ ಹಿಸ್ಲಾಪ್. ಸ್ಕಾಟ್ಲೆಂಡಿನ ಈ ಪಾದ್ರಿ 1845ರಲ್ಲಿ ನಾಗಪುರಕ್ಕೆ ಬಂದು, ಜೊತೆಗಾರ ರಾಬರ್ಟ್ ಹಂಟರ್ ಒಡನೆ ಸುತ್ತಲಿನ ಗುಡ್ಡಗಳನ್ನೆಲ್ಲ ತಡಕಿದರು. ನಾಗಪುರದ ಬಳಿಯ ಟಾಕಳಿಯಲ್ಲಿ ಅವರಿಗೆ ಚಿಪ್ಪುಗಳ ಜೊತೆ ಹಣ್ಣು, ಬೀಜ, ಎಲೆ ಸಿಕ್ಕವು. ಅದಕ್ಕಿಂತ ಅಪರೂಪದ ವಸ್ತುವೂ ಸಿಕ್ಕಿತು: ಜೀರುಂಡೆಗಳ ಗಟ್ಟಿ ಮೇಲುರೆಕ್ಕೆಗಳು. ಆಂಡ್ರ್ಯೂ ಮರ್ರೆ 1860ರಲ್ಲಿ ಅವುಗಳನ್ನು ವಿವರಿಸಿ ಪ್ರಕಟಿಸಿದರು. ಹಿಸ್ಲಾಪ್ 1863ರಲ್ಲಿ, ಹಳೆಯ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ ತುಂಬಿದ ಹೊಳೆಯಲ್ಲಿ ಕೊಚ್ಚಿಹೋಗಿ ಸತ್ತರು. ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ಮುಂದಿನ 120 ವರ್ಷ ಜೀವಂತವಾಗಿತ್ತು. ಈ ಕೆರೆಗಳು ಯಾವ ಕಾಲದವು? ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಯುಗದವೋ, ಅವು ಅಳಿದ ನಂತರದ ಟರ್ಷಿಯರಿ ಯುಗದವೋ? ಟರ್ಷಿಯರಿ ಎಂದೇ ಹಿಸ್ಲಾಪ್ ಅವರ ತೀರ್ಮಾನ.

ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡವರು ಬೀರಬಲ್ ಸಾಹ್ನಿ. ಲಖನೌದಲ್ಲಿದ್ದ ಈ ಸಸ್ಯವಿಜ್ಞಾನಿ ಡೆಕ್ಕನ್ ಲಾವಾ ಕ್ರಿಟೇಷಿಯಸ್ ಕಾಲದ್ದೋ ಟರ್ಷಿಯರಿ ಕಾಲದ್ದೋ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ 1934ರಲ್ಲಿ ಲೇಖನ ಬರೆದದ್ದು ಬೆಂಗಳೂರಿನಿಂದ ಹೊರಡುತ್ತಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅವರ ಸಾಕ್ಷ್ಯವೆಲ್ಲ ಗಿಡಗಳದ್ದು. ಆಗಿನ ಛಿಂದವಾಡ ಜಿಲ್ಲೆಯ ಮೋಹಗಾಂವ್ ಕಲಾನ್‌ನಲ್ಲಿ ನೀಪಾ ತಾಳೆಯ ಹಣ್ಣು ಸಿಕ್ಕಿತ್ತು. ಇಂದು ಸುಂದರಬನದಂಥ ಅಳಿವೆಗಳಲ್ಲಿ, ಉಪ್ಪುನೀರು ಸಿಹಿನೀರು ಬೆರೆಯುವ ಕೆಸರಿನಲ್ಲಿ ಬೆಳೆಯುವ ತಾಳೆ ಇದು. ಲಂಡನ್ನಿನ ಅಡಿಯ, ಟರ್ಷಿಯರಿಯ ಇಯೋಸೀನ್ ಹಂತದ ಜೇಡಿಮಣ್ಣಿನಲ್ಲಿ ಇದರ ಹಣ್ಣು ಹೇರಳವಾಗಿ ಸಿಕ್ಕಿದ್ದರಿಂದ ಇದನ್ನು ಟರ್ಷಿಯರಿಯ ಗುರುತೆಂದೇ ಆಗ ಬಗೆದಿದ್ದರು. ಅದೇ ಜಿಲ್ಲೆಯ ಸೌಸರ್ ಸುತ್ತಿನ ಚರ್ಟ್‌ಗಳಿಂದ ಸಾಹ್ನಿ ಮತ್ತು ಎಚ್.ಎಸ್. ರಾವ್ ಕಂಡುಕೊಂಡ ಗಿಡ ಇನ್ನೂ ಸ್ವಾರಸ್ಯದ್ದು: ಅಜೋಲಾ. ನಮ್ಮ ರೈತರು ಇಂದು ಹಸುವಿನ ಮೇವಿಗೂ ಗದ್ದೆಗೂ ತೊಟ್ಟಿಯಲ್ಲಿ ಬೆಳೆಸುವ ಅದೇ ಅಜೋಲಾದ ಹಿರಿಯ ಬಂಧು. 1943ರ ಪ್ರಬಂಧದಲ್ಲಿ ಅದನ್ನು ಅಜೋಲಾ ಇಂಟರ್‌ಟ್ರ್ಯಾಪಿಯಾ ಎಂದು ವಿವರಿಸಿದರು.

ಈ ಗಿಡವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ವಾದದ ಬೇರು ಇಲ್ಲಿದೆ. ಅಜೋಲಾ ಹೂ ಬಿಡುವ ಗಿಡವಲ್ಲ, ಜರಿ ಜಾತಿಯದು. ಅದರ ಗಂಡು ಬೀಜಾಣುಗಳು ಒಂಟಿಯಾಗಿ ತೇಲುವುದಿಲ್ಲ. ನೊರೆಯಂಥ ಒಂದು ಪುಟ್ಟ ಉಂಡೆಯೊಳಗೆ ಗುಂಪಾಗಿರುತ್ತವೆ. ಉಂಡೆಯ ಮೈಮೇಲೆ ಲಂಗರಿನ ತುದಿಯ ಸಣ್ಣ ಕೊಕ್ಕೆಗಳು. ಉತ್ತರಾಣಿಯ ಕಾಳು ಸೀರೆಯ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಈ ಉಂಡೆ ನೀರಿನಲ್ಲಿ ತೇಲುತ್ತಾ ಹೋಗಿ ಹೆಣ್ಣು ಬೀಜಾಣುವಿಗೆ ಸಿಕ್ಕಿಕೊಳ್ಳುತ್ತದೆ. ಸೌಸರ್ ಚರ್ಟ್ ಅನ್ನು ಕಾಗದಕ್ಕಿಂತ ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಈ ಕೊಕ್ಕೆಗಳೇ. ರಭಸದ ನೀರಿನಲ್ಲಿ ಇಂಥ ನಾಜೂಕಿನ ಭಾಗ ಉಳಿಯುವುದಿಲ್ಲ. ನೀರು ನಿಶ್ಚಲವಾಗಿರಬೇಕು, ಗಿಡ ಬಲಿತು ಬೀಜಾಣು ಬಿಡುವಷ್ಟು ಕಾಲ ಕೆರೆ ಬತ್ತದೆ ಇರಬೇಕು, ಗಾಳಿ ನೀರುಗಳು ಬದುಕಿಗೆ ಒಗ್ಗುವಂತಿರಬೇಕು. ಇನ್ನೊಂದು ಸಾಕ್ಷಿ ಸಾಹ್ನಿ ಅದೇ ವರ್ಷ ವಿವರಿಸಿದ ಎನಿಗ್ಮೋಕಾರ್ಪಾನ್ ಪಾರಿಜೈ ಎಂಬ ಹಣ್ಣು. ಒಡಿಶಾದ ಸಸ್ಯವಿಜ್ಞಾನಿ ಪ್ರಾಣಕೃಷ್ಣ ಪಾರಿಜ ಅವರ ಗೌರವಾರ್ಥ ಇಟ್ಟ ಹೆಸರು ಅದು. ಮರುವರ್ಷ ವಿ.ಬಿ. ಶುಕ್ಲ ಸಾಹ್ನಿಯಾಂಥಸ್ ಎಂಬ ಕಲ್ಲಾದ ಹೂವನ್ನು ವಿವರಿಸಿದರು. ಹಣ್ಣೂ ಹೂವೂ ಒಂದೇ ಗಿಡದವೆಂದು ಹಲವರ ಎಣಿಕೆ. ಇವುಗಳ ಜೊತೆ ತಾಳೆಮರಗಳ ಕಲ್ಲಾದ ಕಾಂಡಗಳನ್ನೂ ಸೇರಿಸಿ. ಮಧ್ಯಪ್ರದೇಶದ ಘುಘುವಾದಲ್ಲಿ ಇಂಥ ಕಾಂಡಗಳಿಗಾಗಿಯೇ 1983ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ತಾಳೆಯೊಂದು ಬೆಳೆದು ನಿಲ್ಲಲು ದಶಕಗಳೇ ಬೇಕು. ಅದಕ್ಕೂ ಮುನ್ನ ಬರಿಬಂಡೆ ಸವೆದು ಬೇರೂರುವಷ್ಟು ಮಣ್ಣಾಗಬೇಕು, ಅದಕ್ಕೆ ಹಿಡಿಯುವ ಕಾಲ ಇನ್ನೂ ಹೆಚ್ಚು. ಇಂಥ ಪದರ ಒಂದೆಡೆ ಒಂದು ಸಲ ಮಾತ್ರ ಸಿಕ್ಕಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಸಾವಿರಾರು ಚದರ ಕಿಲೋಮೀಟರ್‌ಗಳಲ್ಲಿ, ಬೇರೆ ಬೇರೆ ಎತ್ತರದ ಲಾವಾಗಳ ನಡುವೆ ಸಿಕ್ಕಿದೆ. ಹಾಗಾಗಿ ಡೆಕ್ಕನ್ ಜ್ವಾಲಾಮುಖಿ ಉಗುಳಿ, ನಿಂತು, ಮತ್ತೆ ಉಗುಳಿದೆ. ನಿಂತ ಅವಧಿ ಕಾಡು ಚಿಗುರುವಷ್ಟು ದೀರ್ಘವಾಗಿತ್ತು ಎಂದು ಖಚಿತವಾಗಿ ಹೇಳಬಹುದು.

ಇದಕ್ಕೆ ಮೊದಲ ಆಕ್ಷೇಪ ಹೀಗೆ ಬರಬಹುದು: ಪಳೆಯುಳಿಕೆಗಳು ಲಾವಾ ಮುಟ್ಟದ ಎತ್ತರದ ನೆಲದಿಂದ ಕೊಚ್ಚಿಕೊಂಡು ಬಂದಿರಬಾರದೇಕೆ? ಮರದ ಕಾಂಡ, ಗಟ್ಟಿ ಬೀಜಗಳ ವಿಷಯದಲ್ಲಿ ಈ ಮಾತಿಗೆ ತೂಕವಿದೆ. ಅಜೋಲಾದ ಕೊಕ್ಕೆಗಳ ವಿಷಯದಲ್ಲಿ ಇಲ್ಲ. ಮುಂಬೈಯ ವರ್ಲಿ ಗುಡ್ಡದ ಕಪ್ಪೆಗಳ ವಿಷಯದಲ್ಲಂತೂ ಇಲ್ಲವೇ ಇಲ್ಲ. 1847ರಲ್ಲಿ ರಿಚರ್ಡ್ ಓವೆನ್ ವಿವರಿಸಿದ, ಈಗ ಇಂಡೋಬಟ್ರಾಕಸ್ ಎಂಬ ಹೆಸರಿನ ಆ ಪುಟ್ಟ ಕಪ್ಪೆಗಳ ಎಲುಬುಗಳು ಕಲ್ಲಿನಲ್ಲಿ ಇದ್ದ ಹಾಗೇ ಜೋಡಿಸಿಕೊಂಡು ಸಿಗುತ್ತವೆ. ಕೊಚ್ಚಿಬಂದ ಹೆಣದ ಎಲುಬು ಹಾಗೆ ಉಳಿಯುವುದಿಲ್ಲ. ಗುರುಮಠಕಲ್ ಪದರದಲ್ಲಿ ಸಿಕ್ಕ ಕೇರೋಫೈಟ್ ಪಾಚಿಯ ಕಾಯಿಗಳು, ಆಸ್ಟ್ರಕಾಡ್ ಎಂಬ ಸೂಕ್ಷ್ಮ ಜಲಚರಗಳ ಎರಡು ಹೋಳಿನ ಚಿಪ್ಪುಗಳು ಕೂಡ ತಿಳಿಯಾಗಿ ನಿಂತ ನೀರಿನ ಬಳಗವೇ. ಲಾವಾ ಮುಟ್ಟದ ಆಸರೆಯ ತಾಣಗಳು ಇದ್ದೇ ಇದ್ದವು. ಅಲ್ಲಿಂದಲೇ ಜೀವ ಮತ್ತೆ ಮತ್ತೆ ಹೊಸ ಕೆರೆಗಳಿಗೆ ಬಂದು ನೆಲೆಸಿತು ಎನ್ನುವುದು ನನ್ನ ವಾದಕ್ಕೆ ವಿರುದ್ಧವಾಗುವುದಿಲ್ಲ, ಅದಕ್ಕೆ ಬಲ ಕೊಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸಿಹಿನೀರಿನ ಜೀವಿಗಳು ಮೂಲತಃ ಗಟ್ಟಿಗರು, ಅವು ಬದುಕಿದ್ದರಿಂದ ಜ್ವಾಲಾಮುಖಿ ಸೌಮ್ಯವಾಗಿತ್ತು ಎಂದು ಹೇಳಲಾಗದು ಎಂಬುದು ಅದು. ನಿಜ. ಅಮೆರಿಕದ ಮೊಂಟಾನಾದಲ್ಲಿ ಕ್ರಿಟೇಷಿಯಸ್ ಯುಗ ಮುಗಿಯುವ ಪದರಗಳನ್ನು ಲೆಕ್ಕ ಹಾಕಿದ ಶೀಹನ್ ಮತ್ತು ಫಾಸ್ಟೋವ್‌ಸ್ಕಿ 1992ರಲ್ಲಿ ತೋರಿಸಿದ್ದು ಇದನ್ನೇ: ಸಿಹಿನೀರಿನ ಬೆನ್ನೆಲುಬಿನ ಪ್ರಾಣಿಗಳಲ್ಲಿ ಶೇ. 90ರಷ್ಟು ಜಾತಿಗಳು ಉಳಿದವು, ನೆಲದ ಮೇಲಿನವುಗಳಲ್ಲಿ ಶೇ. 12 ಮಾತ್ರ. ಕೆರೆಯ ಜೀವಜಾಲ ಕೊಳೆತ ಎಲೆ, ಕೆಸರುಗಳನ್ನು ನಂಬಿಕೊಂಡದ್ದು. ಹಸಿರು ಕೆಲಕಾಲ ಬಾಡಿದರೂ ಅಲ್ಲಿ ಉಣಿಸು ಮುಗಿಯದು. ಡೆಕ್ಕನ್ ಕೆರೆಗಳಲ್ಲಿದ್ದ, ಮೈಗೆಲ್ಲ ದಪ್ಪ ಹೊಳಪಿನ ಹುರುಪೆಯ ಗಾರ್ ಮೀನಿನ ವಂಶ ಈಗಲೂ ಅಮೆರಿಕ ಖಂಡದ ನದಿಗಳಲ್ಲಿ ಬದುಕಿದೆ. ಅದರ ಮೇಲೆ ಇನ್ನೊಂದು ಅಂಶವನ್ನೂ ಒಪ್ಪಬೇಕು. ಮಧ್ಯಭಾರತದ ಪದರಗಳ ಪರಾಗಕಣಗಳನ್ನು ಅಭ್ಯಸಿಸಿದ ಬಂದನಾ ಸಾಮಂತ್ ಮತ್ತು ಧನಂಜಯ ಮೋಹಬೆ, ಲಾವಾ ಶುರುವಾಗುವ ಮುಂಚಿನ ಸಸ್ಯಸಮೂಹಕ್ಕೂ ನಂತರದ್ದಕ್ಕೂ ವ್ಯತ್ಯಾಸ ಗುರುತಿಸಿದ್ದಾರೆ. ಕಾಡು ಮರಳಿತು, ಆದರೆ ಅದೇ ಕಾಡಾಗಿ ಮರಳಲಿಲ್ಲ. ಆದ್ದರಿಂದ ನನ್ನ ಮಾತನ್ನು ಅದರ ಮಿತಿಯಲ್ಲೇ ಇಡುತ್ತೇನೆ. ಈ ಕೆರೆಗಳು ಜ್ವಾಲಾಮುಖಿಯ ಬಿಡುವುಗಳನ್ನು ಸಾಬೀತು ಮಾಡುತ್ತವೆ. ಅದು ನಿರಪಾಯಕಾರಿಯಾಗಿತ್ತೆಂದು ಸಾಬೀತು ಮಾಡುವುದಿಲ್ಲ. ಲಾವಾ ಮಹಾರಾಷ್ಟ್ರದಲ್ಲಿ ಹರಿದರೂ ಗಂಧಕದ ಅನಿಲ, ಇಂಗಾಲದ ಡೈಆಕ್ಸೈಡ್‌ಗಳು ಇಡೀ ಭೂಮಿಯ ಗಾಳಿ ಸೇರುತ್ತವೆ. ಸ್ಥಳೀಯ ಕೆರೆಯೊಂದು ಚೇತರಿಸಿಕೊಂಡಿದ್ದರಿಂದ ದೂರದ ಸಾಗರ ಕ್ಷೇಮವಾಗಿತ್ತು ಎಂದಾಗದು.

ಈಗ ಕಾಲದ ಪ್ರಶ್ನೆಗೆ ಬರೋಣ. ಇಲ್ಲಿ ನಡೆದ ಕಥೆ ವಿಜ್ಞಾನದ ಇತಿಹಾಸದಲ್ಲಿ ನನಗೆ ತುಂಬ ಪ್ರಿಯವಾದದ್ದು. ಬೀರಬಲ್ ಸಾಹ್ನಿ 1949ರ ಏಪ್ರಿಲ್ 10ರಂದು ತೀರಿಕೊಂಡರು, ಅವರ ಕನಸಿನ ಲಖನೌ ಸಂಸ್ಥೆಯ ಕಟ್ಟಡಕ್ಕೆ ನೆಹರೂ ಅಡಿಗಲ್ಲು ಹಾಕಿ ಒಂದು ವಾರವಷ್ಟೇ ಆಗಿತ್ತು. ಡೆಕ್ಕನ್ ಲಾವಾ ಟರ್ಷಿಯರಿಯದು ಎಂಬ ಅವರ ನಿಲುವು ಆ ಮೇಲೂ ಬಹುಕಾಲ ಬಾಳಿತು. ಕಲ್ಲಿನ ವಿಕಿರಣದ ಲೆಕ್ಕದಿಂದ ವಯಸ್ಸು ಹಿಡಿಯುವ ಮೊದಮೊದಲಿನ ಪ್ರಯತ್ನಗಳು ಹೆಚ್ಚು ನೆರವಾಗಲಿಲ್ಲ. ಸವೆದ ಬಸಾಲ್ಟ್‌ನಿಂದ ಆರ್ಗಾನ್ ಸೋರಿಹೋಗುವ ಕಾರಣ ಉತ್ತರಗಳು ಕೋಟ್ಯಂತರ ವರ್ಷಗಳಷ್ಟು ಹರಡಿಕೊಂಡಿದ್ದವು. ಆಗ ದಾರಿ ತೋರಿದ್ದು ಮತ್ತೆ ಕೆರೆಗೋಡು. 1980ರ ದಶಕದಲ್ಲಿ ಬೀರಬಲ್ ಅವರ ತಮ್ಮನ ಮಗ ಅಶೋಕ್ ಸಾಹ್ನಿ ಮತ್ತು ಅವರ ಶಿಷ್ಯರು ಈ ಪದರಗಳ ಮಣ್ಣನ್ನು ನೀರಿನಲ್ಲಿ ನೆನೆಸಿ, ಸಣ್ಣ ಜರಡಿಯಲ್ಲಿ ಸೋಸಿ, ಉಳಿದ ಕಣಗಳನ್ನು ಒಂದೊಂದಾಗಿ ಆರಿಸತೊಡಗಿದರು. ಬೇಸರವಿಲ್ಲದ ಕೈ ಬೇಡುವ ಕೆಲಸ ಅದು. ಮೀನಿನ ಹಲ್ಲು, ಕಪ್ಪೆಯ ಎಲುಬು, ಮೊಸಳೆಯ ಹಲ್ಲು ಸಿಕ್ಕವು. ತೆಲಂಗಾಣದ ನಸ್ಕಲ್‌ನಲ್ಲಿ ಸಿಕ್ಕ ಪುಟ್ಟ ಸಸ್ತನಿಯ ಹಲ್ಲನ್ನು 1988ರಲ್ಲಿ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದಲ್ಲಿ ಸಿಕ್ಕ ಮೊದಲ ಕ್ರಿಟೇಷಿಯಸ್ ಸಸ್ತನಿಯದು. ಅದಕ್ಕೆ ಡೆಕ್ಕನೋಲೆಸ್ಟಿಸ್ ಹಿಸ್ಲಾಪಿ ಎಂದು ಹೆಸರಿಟ್ಟು ನಾಗಪುರದ ಆ ಪಾದ್ರಿಯ ಋಣ ತೀರಿಸಿದರು.

ಕಾಲ ನಿರ್ಣಯಕ್ಕೆ ಹೆಚ್ಚು ನೆರವಾದದ್ದು ಇಗ್ಡಬಾಟಿಸ್ ಎಂಬ ತೊರಕೆ ಮೀನಿನ ಹಲ್ಲು. ಈ ಮೀನು ಆಫ್ರಿಕದ ನೈಜರ್‌ನಲ್ಲಿ ಮೊದಲು ಗುರುತಾದದ್ದು ಕ್ರಿಟೇಷಿಯಸ್‌ನ ಕಟ್ಟಕಡೆಯ ಹಂತದ ಪದರಗಳಲ್ಲಿ. ಅದರ ಹಲ್ಲು ಡೆಕ್ಕನ್‌ನ ಲಾವಾಗಳ ನಡುವೆ ಸಿಕ್ಕಿತು ಎಂದರೆ, ಲಾವಾ ಉಕ್ಕುವಾಗ ಡೈನೋಸಾರ್‌ಗಳ ಯುಗ ಇನ್ನೂ ಮುಗಿದಿರಲಿಲ್ಲ. ಗುಜರಾತಿನ ಅಂಜಾರ್‌ನ ಅಂಥದೇ ಪದರದಲ್ಲಿ ಡೈನೋಸಾರ್ ಮೊಟ್ಟೆಯ ಚಿಪ್ಪುಗಳೂ ಸಿಕ್ಕವು. 1986ರಲ್ಲಿ ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೋ ಮತ್ತು ಸಂಗಡಿಗರು ಡೆಕ್ಕನ್ ಲಾವಾವನ್ನು ಕ್ರಿಟೇಷಿಯಸ್-ಟರ್ಷಿಯರಿ ಗಡಿಗೆ ತಂದು ನಿಲ್ಲಿಸಿದಾಗ, ಕಲ್ಲಿನೊಳಗಿನ ಕಾಂತದಿಕ್ಕಿನ ಜೊತೆಗೆ ಈ ಪಳೆಯುಳಿಕೆಗಳ ಸಾಕ್ಷ್ಯವನ್ನೂ ಆಧಾರ ಮಾಡಿಕೊಂಡಿದ್ದರು.

ಹಾಗಾದರೆ ದೊಡ್ಡಪ್ಪ ತಪ್ಪಿದರು, ಮಗ ತಿದ್ದಿದರು ಎನ್ನೋಣವೇ? ಒಮ್ಮೆ ದಾರಿ ತಪ್ಪಿಸಿದ ಪಳೆಯುಳಿಕೆಗಳನ್ನು ಮತ್ತೆ ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ತಪ್ಪು ಪಳೆಯುಳಿಕೆಗಳದಲ್ಲ, ಅವುಗಳನ್ನು ಅಳೆದ ಕೋಲಿನದು. ನೀಪಾ, ಅಜೋಲಾಗಳು ಟರ್ಷಿಯರಿಯಲ್ಲೇ ಹುಟ್ಟಿದವೆಂದು ಯೂರೋಪಿನ ಪದರಗಳನ್ನು ನೋಡಿ ತೀರ್ಮಾನಿಸಿದ್ದರು. ಅವೆರಡೂ ಕ್ರಿಟೇಷಿಯಸ್‌ನಲ್ಲೇ ಇದ್ದವೆಂದು ಆಮೇಲೆ ಗೊತ್ತಾಯಿತು. ಇನ್ನೂ ಮುಖ್ಯವಾದ ಮಾತು: ಬೀರಬಲ್ ಸಾಹ್ನಿ ಪೂರ್ತಿ ತಪ್ಪಿರಲಿಲ್ಲ. ಗರ್ಟಾ ಕೆಲ್ಲರ್ ಅವರ ತಂಡ ರಾಜಮಹೇಂದ್ರಿಯ ಬಳಿ ಕೆಳಗಿನ ಮತ್ತು ಮೇಲಿನ ಲಾವಾಗಳ ನಡುವೆ ಫೊರಾಮಿನಿಫೆರಾ ಎಂಬ ಸಾಗರದ ಸೂಕ್ಷ್ಮಜೀವಿಗಳನ್ನು ಕಂಡು 2008ರಲ್ಲಿ ಪ್ರಕಟಿಸಿತು. ಅವು ಗಡಿ ದಾಟಿದ ಕೂಡಲೇ ಬಂದ ಟರ್ಷಿಯರಿಯ ಮೊದಲ ಹಂತದ ಜೀವಿಗಳು. ಮರುವರ್ಷ ಛಿಂದವಾಡ ಜಿಲ್ಲೆಯ ಝಿಲ್ಮಿಲಿಯಲ್ಲೂ ಅವೇ ಸಿಕ್ಕವು. ಕಡಲಿನಿಂದ ಅಷ್ಟು ದೂರದ ಒಳನಾಡಿನಲ್ಲಿ ಉಪ್ಪುನೀರಿನ ಜೀವಿ! ಅಂದರೆ ಸಮುದ್ರದ ಕೊಲ್ಲಿಯೊಂದು ಆಗ ಭಾರತದ ನಡುವಿನವರೆಗೂ ಚಾಚಿತ್ತು. ಅದೇ ಸೀಮೆಯ ನೀಪಾ ಹಣ್ಣನ್ನು ಹಿಡಿದು ಇಲ್ಲಿ ಅಳಿವೆ ಇತ್ತು ಎಂದು ಸಾಹ್ನಿ ಕಾಲದವರು ಊಹಿಸಿದ್ದು ಏಳು ದಶಕಗಳ ನಂತರ ಹೀಗೆ ನಿಜವಾಯಿತು. ವರ್ಲಿಯ ಕಪ್ಪೆಗಳೂ ಗಡಿಯ ಈಚೆಯವೇ. ಲಾವಾ ಕ್ರಿಟೇಷಿಯಸ್‌ನಲ್ಲಿ ಶುರುವಾಗಿ ಟರ್ಷಿಯರಿಯಲ್ಲಿ ಮುಗಿಯಿತು. ಇಬ್ಬರು ಸಾಹ್ನಿಗಳೂ ಒಂದೇ ಕಥೆಯ ಎರಡು ತುದಿ ಹಿಡಿದಿದ್ದರು.

ಕೊನೆಯ ಆಕ್ಷೇಪ ಪ್ರಯೋಗಾಲಯದಿಂದ ಬರುತ್ತದೆ: ಇಂದು ಯುರೇನಿಯಂ-ಸೀಸದ ಲೆಕ್ಕದಿಂದ ವಯಸ್ಸು ಕರಾರುವಾಕ್ಕಾಗಿ ಸಿಗುವಾಗ ಬಸವನಹುಳು, ಅಜೋಲಾಗಳ ಗೊಡವೆ ಏಕೆ? ಬ್ಲೇರ್ ಶೋನ್ ತಂಡ 2015ರಲ್ಲಿ, ಡೆಕ್ಕನ್‌ನ ಮುಖ್ಯ ಹಂತ ಯುಗದ ಗಡಿಗಿಂತ ಸುಮಾರು 2.5 ಲಕ್ಷ ವರ್ಷ ಮೊದಲು ಶುರುವಾಗಿ ಒಟ್ಟು ಸುಮಾರು 7.5 ಲಕ್ಷ ವರ್ಷ ನಡೆಯಿತು ಎಂದು ತೋರಿಸಿತು. ಆದರೆ ಈ ಲೆಕ್ಕಕ್ಕೆ ಬೇಕಾದ ಜಿರ್ಕಾನ್ ಹರಳು ಸಾಮಾನ್ಯ ಬಸಾಲ್ಟ್‌ನಲ್ಲಿ ಸಿಗುವುದೇ ಅಪರೂಪ. ಅವರಿಗೆ ಹೆಚ್ಚಿನ ಹರಳುಗಳು ಸಿಕ್ಕಿದ್ದು ಎರಡು ಲಾವಾಗಳ ನಡುವಿನ ಕೆಂಪು ಮಣ್ಣಿನ ಪದರಗಳಲ್ಲಿ, ಅಲ್ಲಿಗೆ ಗಾಳಿಯಲ್ಲಿ ಬಂದು ಬಿದ್ದ ಬೂದಿಯಲ್ಲಿ. ಮಣ್ಣಾಗಲು ಬಿಡುವು ಸಿಕ್ಕಿದ್ದರಿಂದಲೇ ಆ ಪದರ ಇದೆ, ಪದರ ಇರುವುದರಿಂದಲೇ ವಯಸ್ಸು ಸಿಕ್ಕಿತು. ಹೊಸ ವಿಧಾನ ಬಂದಾಗಲೂ ಗಡಿಯಾರ ಇದ್ದದ್ದು ಲಾವಾಗಳ ನಡುವೆಯೇ. 2019ರಲ್ಲಿ ಅದೇ ತಂಡ ಸ್ಫೋಟ ನಾಲ್ಕು ಕಂತುಗಳಲ್ಲಿ ಆಯಿತು ಎಂದಿತು; ಆರ್ಗಾನ್ ವಿಧಾನ ಬಳಸಿದ ಕೋರ್ಟ್ನಿ ಸ್ಪ್ರೇನ್ ತಂಡ, ಅಷ್ಟು ಸ್ಪಷ್ಟ ಕಂತುಗಳಿಲ್ಲ, ಲಾವಾದ ಮುಕ್ಕಾಲು ಪಾಲು ಗಡಿಯ ನಂತರ ಬಂತು ಎಂದಿತು. ಈ ಭಿನ್ನಾಭಿಪ್ರಾಯ, ಡೈನೋಸಾರ್‌ಗಳ ಅಳಿವಿಗೆ ಮೆಕ್ಸಿಕೋದ ಚಿಕ್ಶುಲುಬ್‌ಗೆ ಬಿದ್ದ ಕ್ಷುದ್ರಗ್ರಹಕ್ಕೆ ಎಷ್ಟು ಹೊಣೆ, ಡೆಕ್ಕನ್‌ಗೆ ಎಷ್ಟು ಹೊಣೆ ಎಂಬ ದೊಡ್ಡ ವಾದಕ್ಕೆ ಸೇರಿದ್ದು. ನನ್ನ ಅಭಿಪ್ರಾಯದಲ್ಲಿ ಆ ವಾದದಲ್ಲಿ ಕೆರೆಗಳ ಸಾಕ್ಷ್ಯಕ್ಕೆ ಇನ್ನೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಹರಳು ವರ್ಷವನ್ನು ಹೇಳುತ್ತದೆ. ಆ ವರ್ಷ ನೀರಿನಲ್ಲಿ ಏನು ಈಜುತ್ತಿತ್ತು, ದಡದಲ್ಲಿ ಏನು ಚಿಗುರಿತ್ತು ಎಂಬುದನ್ನು ಹೇಳಲಾರದು.

ಹೊಸದಾಗಿ ಏನೂ ಸಿಗದು ಎನ್ನುವ ಸ್ಥಿತಿಯೂ ಇಲ್ಲ. 2013ರಲ್ಲಿ ಸ್ಟೀವನ್ ಮ್ಯಾಂಚೆಸ್ಟರ್, ದಶರಥ ಕಾಪಗತೆ, ಜುನ್ ವೆನ್ ಅವರು ಈ ಚರ್ಟ್‌ಗಳಿಂದ ದ್ರಾಕ್ಷಿ ಕುಟುಂಬದ ಬೀಜವನ್ನು ವಿವರಿಸಿದರು. ಆ ಕುಟುಂಬದ ಅತ್ಯಂತ ಹಳೆಯ ಪಳೆಯುಳಿಕೆ ಅದು. ಇಂಡೋವೈಟಿಸ್ ಚಿತಳೆಯೇ ಎಂಬ ಅದರ ಹೆಸರಿನಲ್ಲಿ, ಈ ಸಸ್ಯಗಳಿಗಾಗಿ ದುಡಿದ ಶ್ಯಾಮಲಾ ಚಿತಳೆ ಅವರ ನೆನಪಿದೆ. ಒಂದೂವರೆ ಶತಮಾನ ಹುಡುಕಿದ ಮೇಲೂ ದ್ರಾಕ್ಷಿಯ ಮೂಲದಂಥ ಸಂಗತಿ ಹೊರಬರುತ್ತಿದೆ ಎಂದರೆ ಈ ಪದರಗಳಲ್ಲಿ ಇನ್ನೆಷ್ಟು ಉಳಿದಿರಬೇಡ. ಆದರೆ ಅವು ತೆಳ್ಳಗಿವೆ, ಎಲ್ಲೆಲ್ಲೋ ಚದುರಿವೆ. ಹೊಲ ಸಮ ಮಾಡುವಾಗ, ಬಾವಿ ತೋಡುವಾಗ, ಜಲ್ಲಿಗಾಗಿ ಗುಡ್ಡ ಒಡೆಯುವಾಗ ಒಂದೇ ದಿನದಲ್ಲಿ ಇಲ್ಲವಾಗಬಲ್ಲವು. ಇಂಥ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಭೂಪರಂಪರೆಯ ಕರಡು ಮಸೂದೆಯೊಂದನ್ನು ಹೊರಡಿಸಿತ್ತು. ಗುರುಮಠಕಲ್‌ನಂಥ ಸಣ್ಣ ತಾಣಗಳೂ ರಕ್ಷಣೆಯ ಪಟ್ಟಿಗೆ ಸೇರುವಂತೆ ನಾವು ಒತ್ತಾಯಿಸಬೇಕು. ಯಾದಗಿರಿ, ಕಲಬುರಗಿ, ಬೀದರ್ ಕಡೆಯ ಓದುಗರಲ್ಲಿ ಒಂದು ವಿನಂತಿ: ಕರಿಕಲ್ಲಿನ ಎರಡು ಹಾಸುಗಳ ನಡುವೆ ಬಿಳಿಚಾದ, ಗಟ್ಟಿಯಾದ, ಚಿಪ್ಪು ಹುದುಗಿದ ಪದರ ಕಂಡರೆ ಅದನ್ನು ಒಡೆಯಬೇಡಿ, ಮನೆಗೆ ಒಯ್ಯಬೇಡಿ. ಜಾಗದ ಗುರುತು ಬರೆದಿಟ್ಟು, ಫೋಟೋ ತೆಗೆದು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.